ಮಚ್ಚೆ ತೆಗೆದ ನಂತರದ ಗಾಯದ ಕಲೆ

ಮಚ್ಚೆಯನ್ನು ಚರ್ಮದಿಂದ ತೆಗೆದ ಬಳಿಕ ಆ ಜಾಗದಲ್ಲಿ ಉಳಿಯುವ ಗುರುತನ್ನು ಗಾಯದ ಕಲೆ ಎನ್ನುತ್ತಾರೆ. ಗಾಯವು ಒಳಚರ್ಮವನ್ನು ತಲುಪಿದ್ದರೆ ಕಲೆಯನ್ನು ಸಂಪೂರ್ಣವಾಗಿ ತಪ್ಪಿಸಲು ಸಾಧ್ಯವಿಲ್ಲ. ಆದರೆ ಸೂಕ್ತ ವಿಧಾನ ಹಾಗೂ ಆರೈಕೆಯಿಂದ ಅದು ಎದ್ದು ಕಾಣದಂತೆ ಮಾಡಬಹುದು.

ಕಲೆ ಉಂಟಾಗುವ ಬಗೆ

ಹೊರಚರ್ಮಕ್ಕೆ ಮಾತ್ರ ಆದ ಗಾಯ ಸಾಮಾನ್ಯವಾಗಿ ಗುರುತು ಉಳಿಯದಂತೆ ಮಾಯುತ್ತದೆ. ಒಳಚರ್ಮ ಕತ್ತರಿಸಲ್ಪಟ್ಟಾಗ ದೇಹವು ಆ ತೆರವನ್ನು ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳಿಂದ ತುಂಬುತ್ತದೆ. ಈ ನಾರುಗಳ ಜೋಡಣೆ ಮೂಲ ಚರ್ಮದಂತಿರುವುದಿಲ್ಲ. ಅದೇ ಕಲೆಯಾಗಿ ತೋರುತ್ತದೆ. ಮೊದಲ ತಿಂಗಳುಗಳಲ್ಲಿ ಕಲೆಯು ಕೆಂಪಾಗಿ, ಗಟ್ಟಿಯಾಗಿ ಇರುವುದು ಸಹಜ. ಅದು ಮೆತ್ತಗಾಗಿ ಮಾಸಲು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕಾಗಬಹುದು.

ತೆಗೆಯುವ ವಿಧಾನಗಳು

ಉಬ್ಬಿದ ಮಚ್ಚೆಯನ್ನು ಚರ್ಮದ ಮಟ್ಟಕ್ಕೆ ಹೆರೆದು ತೆಗೆಯುವುದು ಒಂದು ವಿಧಾನ. ಇದಕ್ಕೆ ಹೊಲಿಗೆ ಬೇಕಿಲ್ಲ. ಆಳವಾದ ಮಚ್ಚೆಯನ್ನು ಸುತ್ತಲಿನ ಚರ್ಮದೊಂದಿಗೆ ಎಲೆಯಾಕಾರದಲ್ಲಿ ಕತ್ತರಿಸಿ ಹೊಲಿಯುವುದು ಇನ್ನೊಂದು. ಚರ್ಮದ ಸಹಜ ಸೆಳೆತದ ರೇಖೆಗಳಿಗೆ ಸಮಾನಾಂತರವಾಗಿ ಕತ್ತರಿಸಿದರೆ ಕಲೆ ತೆಳುವಾಗುತ್ತದೆ. ಆಸ್ಟ್ರಿಯಾದ ಅಂಗರಚನಾ ತಜ್ಞ ಕಾರ್ಲ್ ಲ್ಯಾಂಗರ್ 1861ರಲ್ಲಿ ಇಂತಹ ರೇಖೆಗಳನ್ನು ವಿವರಿಸಿದನು.

ಗಾಯದ ಆರೈಕೆ

ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ತೇವವಿರುವ ಗಾಯ ಬೇಗ ಮಾಯುತ್ತದೆಂಬುದನ್ನು ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದನು. ಆದುದರಿಂದ ಈ ಕ್ರಮಗಳನ್ನು ಸೂಚಿಸಲಾಗುತ್ತದೆ:

• ಗಾಯವನ್ನು ಪ್ರತಿದಿನ ಸೌಮ್ಯ ಸಾಬೂನು ಮತ್ತು ನೀರಿನಿಂದ ತೊಳೆದು, ಪೆಟ್ರೋಲಿಯಂ ಜೆಲ್ಲಿ ಸವರಿ, ಪಟ್ಟಿಯಿಂದ ಮುಚ್ಚುವುದು.
• ಹಕ್ಕಳೆಯನ್ನು ಕೀಳದಿರುವುದು.
• ಹೊಲಿಗೆಗಳನ್ನು ವೈದ್ಯರು ಹೇಳಿದ ದಿನವೇ ತೆಗೆಸುವುದು. ಮುಖದಲ್ಲಿ ಸಾಮಾನ್ಯವಾಗಿ 5ರಿಂದ 7 ದಿನ, ಬೆನ್ನು ಮತ್ತು ಎದೆಯಲ್ಲಿ 10ರಿಂದ 14 ದಿನ. ತಡವಾದರೆ ಹೊಲಿಗೆಯ ಗುರುತುಗಳೇ ಉಳಿಯಬಹುದು.
• ಗಾಯವನ್ನು ಎಳೆಯುವಂತಹ ವ್ಯಾಯಾಮ, ಭಾರ ಎತ್ತುವಿಕೆ ಹಾಗೂ ಧೂಮಪಾನವನ್ನು ವರ್ಜಿಸುವುದು.

ಗಾಯ ಮುಚ್ಚಿದ ಬಳಿಕ ಬಿಸಿಲಿನಿಂದ ರಕ್ಷಣೆ ಅಗತ್ಯ. ಬಿಸಿಲು ತಾಗಿದ ಹೊಸ ಕಲೆ ಕಪ್ಪಾಗುತ್ತದೆ. ಬಟ್ಟೆಯಿಂದ ಮುಚ್ಚುವುದು ಅಥವಾ ಎಸ್‌ಪಿಎಫ್ 30 ಇಲ್ಲವೇ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚುವುದು ಒಳಿತು. ಸಿಲಿಕೋನ್ ಜೆಲ್ ಅಥವಾ ಹಾಳೆಯನ್ನು ಕೆಲವು ತಿಂಗಳ ಕಾಲ ಬಳಸುವುದು ರೂಢಿಯಲ್ಲಿದೆ. ವಿಟಮಿನ್ ಇ ಎಣ್ಣೆಯಿಂದ ಕಲೆ ಮಾಸುತ್ತದೆಂಬುದು ದೃಢಪಟ್ಟಿಲ್ಲ; ಅದು ಕೆಲವರಲ್ಲಿ ತುರಿಕೆ ತರುತ್ತದೆ.

ಕೀಲಾಯ್ಡ್

ಗಾಯದ ಮೇರೆಯನ್ನೂ ಮೀರಿ ಬೆಳೆಯುವ ಉಬ್ಬುಕಲೆಯೇ ಕೀಲಾಯ್ಡ್. ಕಪ್ಪು ಮತ್ತು ಕಂದು ಬಣ್ಣದ ಚರ್ಮದವರಲ್ಲಿ, ವಿಶೇಷವಾಗಿ ಎದೆಯ ನಡುಭಾಗ, ಭುಜ ಮತ್ತು ಕಿವಿಯ ಹಾಲೆಗಳಲ್ಲಿ ಇದು ಹೆಚ್ಚು. ಕಿವಿ ಚುಚ್ಚಿಸಿದಾಗ ಅಥವಾ ಹಿಂದಿನ ಗಾಯದಲ್ಲಿ ಇಂತಹ ಗಂಟು ಎದ್ದಿದ್ದರೆ, ಕುಟುಂಬದವರಲ್ಲಿ ಯಾರಿಗಾದರೂ ಇದ್ದರೆ, ಮಚ್ಚೆ ತೆಗೆಸುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಕೇವಲ ಅಂದಕ್ಕಾಗಿ ತೆಗೆಸುವುದಾದರೆ, ಮಚ್ಚೆಗಿಂತ ದೊಡ್ಡ ಕಲೆ ಉಳಿಯುವ ಸಾಧ್ಯತೆಯನ್ನು ಇಂಥವರು ಗಮನಿಸಬೇಕಾಗುತ್ತದೆ.

ಮನೆಯಲ್ಲಿ ತೆಗೆಯುವುದರ ಅಪಾಯ

ಮಚ್ಚೆಗೆ ಸುಣ್ಣ, ಸೋಡಾ ಅಥವಾ ಆಮ್ಲ ಹಚ್ಚುವ ಪದ್ಧತಿ ಕೆಲವೆಡೆ ಇದೆ. ಸುಣ್ಣವು ಪ್ರಬಲ ಕ್ಷಾರವಾದುದರಿಂದ ಚರ್ಮವನ್ನು ಆಳಕ್ಕೆ ಸುಡುತ್ತದೆ. ಆ ಸುಟ್ಟಗಾಯದ ಕಲೆಯು ಶಸ್ತ್ರಕ್ರಿಯೆಯ ಕಲೆಗಿಂತ ದೊಡ್ಡದಾಗಬಹುದು. ಇದಕ್ಕಿಂತ ಮುಖ್ಯವಾದ ಹಾನಿ ಬೇರೆಯಿದೆ. ಮಚ್ಚೆಯಂತೆ ತೋರುವುದು ಕೆಲವೊಮ್ಮೆ ಮೆಲನೋಮ ಎಂಬ ಕ್ಯಾನ್ಸರ್ ಆಗಿರುತ್ತದೆ. ವೈದ್ಯರು ಕತ್ತರಿಸಿ ತೆಗೆದ ಮಚ್ಚೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬಹುದು, ಸುಟ್ಟುಹೋದುದನ್ನು ಪರೀಕ್ಷಿಸಲಾಗದು. ಆಕಾರ, ಅಂಚು, ಬಣ್ಣ ಅಥವಾ ಗಾತ್ರ ಬದಲಾಗುತ್ತಿರುವ ಮಚ್ಚೆಯನ್ನು, ರಕ್ತ ಒಸರುವ ಮಚ್ಚೆಯನ್ನು, ಅಂಗೈ, ಅಂಗಾಲು ಅಥವಾ ಉಗುರಿನಡಿ ಹೊಸದಾಗಿ ಮೂಡಿದ ಕಪ್ಪು ಗುರುತನ್ನು ಚರ್ಮರೋಗ ತಜ್ಞರಿಗೆ ತೋರಿಸಬೇಕು. ಇಂತಹ ಸಂದರ್ಭದಲ್ಲಿ ಕಲೆಯ ಭಯದಿಂದ ಚಿಕಿತ್ಸೆಯನ್ನು ಮುಂದೂಡುವುದು ಪ್ರಾಣಕ್ಕೇ ಅಪಾಯ ತರಬಹುದು.