ಅಕ್ಷರವಿಲ್ಲದ ಪುಸ್ತಕ ಮತ್ತು ಮಕ್ಕಳ ಸಾಕ್ಷಿ

ತಾನು ನಂಬಿದ್ದನ್ನು ಇನ್ನೊಬ್ಬರಿಗೆ ಹೇಳುವುದನ್ನು ಕ್ರೈಸ್ತ ಸಭೆಗಳಲ್ಲಿ ‘ಸಾಕ್ಷಿ ಹೇಳುವುದು’ ಎಂದೂ, ಹಾಗೆ ಹೇಳುವ ವಿಷಯವನ್ನು, ಅಂದರೆ ಯೇಸುವಿನ ಬದುಕು, ಮರಣ, ಪುನರುತ್ಥಾನಗಳ ಸುದ್ದಿಯನ್ನು, ‘ಸುವಾರ್ತೆ’ ಎಂದೂ ಕರೆಯುತ್ತಾರೆ. ಈ ಕೆಲಸ ದೊಡ್ಡವರದು, ಅದರಲ್ಲೂ ಅದಕ್ಕೆಂದೇ ಸಿದ್ಧತೆ ಪಡೆದ ಬೋಧಕರದು, ಮಗುವಾದರೋ ಕೇಳಬೇಕು, ಕಲಿಯಬೇಕು, ಕಲಿತದ್ದನ್ನು ಒಪ್ಪಿಸಬೇಕು ಎಂಬ ಎಣಿಕೆ ಬಹುಕಾಲ ನಡೆದುಬಂದಿತ್ತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಆ ಎಣಿಕೆ ಸಡಿಲಗೊಂಡು, ಏಳೆಂಟು ವರ್ಷದ ಮಗು ಕೂಡ ತನ್ನ ಓರಗೆಯವರಿಗೆ ಸುವಾರ್ತೆ ತಿಳಿಸಬಲ್ಲದು, ಅದನ್ನು ಹೇಗೆ ತಿಳಿಸಬೇಕೆಂಬುದನ್ನು ಕಲಿಸಬಹುದು ಎಂಬ ವಿಚಾರ ಬೇರೂರಿತು. ಆ ವಿಚಾರದ ಜೊತೆಯಲ್ಲೇ ಬೆಳೆದು, ಇಂದಿಗೂ ಕರ್ನಾಟಕದ ಸಂಡೇ ಸ್ಕೂಲ್‌ಗಳಲ್ಲಿ ಮಕ್ಕಳ ಕೈಗೆ ಬರುವ ಸಾಧನವೆಂದರೆ, ಒಂದಕ್ಷರವೂ ಇಲ್ಲದೆ ಬರೀ ಬಣ್ಣದ ಹಾಳೆಗಳಿರುವ ಚಿಕ್ಕ ಪುಸ್ತಕ.

ಈ ಪುಸ್ತಕದ ಹಿಂದೆ ಸಂಡೇ ಸ್ಕೂಲಿನ ಚರಿತ್ರೆ ಇದೆ. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ಪತ್ರಿಕೆಯೊಂದನ್ನು ನಡೆಸುತ್ತಿದ್ದ ರಾಬರ್ಟ್ ರೇಕ್ಸ್, ವಾರವಿಡೀ ಗುಂಡುಸೂಜಿ ಕಾರ್ಖಾನೆಗಳಲ್ಲಿ ದುಡಿದು ಭಾನುವಾರ ಬೀದಿಯಲ್ಲಿ ಅಲೆಯುತ್ತಿದ್ದ ಬಡಮಕ್ಕಳಿಗಾಗಿ 1780ರಲ್ಲಿ ಶಾಲೆ ತೆರೆಸಿದಾಗ ಅದರ ಮೊದಲ ಕೆಲಸ ಓದು ಕಲಿಸುವುದಾಗಿತ್ತು. ಬೈಬಲ್ ಅಲ್ಲಿ ಪಠ್ಯವೂ ಹೌದು, ಓದು ಕಲಿಸಲು ಕಾರಣವೂ ಹೌದು. 1831ರ ಹೊತ್ತಿಗೆ ಬ್ರಿಟನ್ನಿನಲ್ಲಿ ಇಂಥ ಶಾಲೆಗಳಿಗೆ ಬರುತ್ತಿದ್ದ ಮಕ್ಕಳ ಸಂಖ್ಯೆ ಸುಮಾರು 12.5 ಲಕ್ಷಕ್ಕೆ ಮುಟ್ಟಿತ್ತೆಂದು ಅಂದಾಜು. 1870ರ ಶಿಕ್ಷಣ ಕಾಯಿದೆಯ ನಂತರ ಓದುಬರಹದ ಹೊಣೆ ಸಾರ್ವಜನಿಕ ಶಾಲೆಗಳತ್ತ ಸರಿಯತೊಡಗಿ, ಸಂಡೇ ಸ್ಕೂಲಿಗೆ ಧರ್ಮಶಿಕ್ಷಣವೊಂದೇ ಉಳಿಯಿತು. ಅದೇ ವರ್ಷಗಳಲ್ಲಿ ಮಕ್ಕಳಿಗೆಂದೇ ಬೇರೆ ಬಗೆಯ ಸಭೆಗಳೂ ಶುರುವಾದವು: 1867ರಲ್ಲಿ ಲಂಡನ್ನಿನಲ್ಲಿ ಮಕ್ಕಳ ಸಭೆಗಳನ್ನು ಆರಂಭಿಸಿದ ಜೊಸಾಯಾ ಸ್ಪಿಯರ್ಸ್, ಮರುವರ್ಷ ವೇಲ್ಸ್‌ನ ಲ್ಯಾಂಡಡ್ನೊ ಕಡಲತೀರದಲ್ಲಿ ಮರಳ ಮೇಲೆ ಬೈಬಲ್ ವಾಕ್ಯವೊಂದನ್ನು ಬರೆದು, ಆಡುತ್ತಿದ್ದ ಮಕ್ಕಳ ಕೈಯಿಂದ ಅದಕ್ಕೆ ಚಿಪ್ಪುಗಳ ಅಲಂಕಾರ ಮಾಡಿಸಿ, ಬಳಿಕ ಅವರಿಗೆ ಕತೆ ಹೇಳಿದರು. ಬೆಂಚು, ಬೆತ್ತ, ಪ್ರಶ್ನೋತ್ತರಗಳಿಲ್ಲದ ಧರ್ಮಬೋಧೆ ಅಂದಿನವರಿಗೆ ಹೊಸದಾಗಿತ್ತು.

ಬಣ್ಣದ ಪುಸ್ತಕದ ಮೂಲವನ್ನು ಲಂಡನ್ನಿನ ಹೆಸರಾಂತ ಬ್ಯಾಪ್ಟಿಸ್ಟ್ ಬೋಧಕ ಚಾರ್ಲ್ಸ್ ಹ್ಯಾಡನ್ ಸ್ಪರ್ಜನ್ 1866ರ ಜನವರಿಯಲ್ಲಿ ಮಾಡಿದ ಪ್ರಸಂಗದಲ್ಲಿ ಗುರುತಿಸಲಾಗುತ್ತದೆ. ತನ್ನ ಪಾಪವನ್ನು ತೊಳೆದು ಹಿಮಕ್ಕಿಂತ ಬೆಳ್ಳಗಾಗಿಸೆಂದು ದೇವರನ್ನು ಬೇಡುವ 51ನೆಯ ಕೀರ್ತನೆಯ ಮೇಲೆ ಮಾತನಾಡಿದ ಸ್ಪರ್ಜನ್, ಹಿರಿಯ ಬೋಧಕರೊಬ್ಬರ ಬಳಿ ಇದ್ದ ಮೂರೇ ಹಾಳೆಗಳ ಪುಸ್ತಕವನ್ನು ನೆನೆದು, ಅದರಲ್ಲಿ ಕಪ್ಪು ಹಾಳೆ ಪಾಪವನ್ನೂ, ಕೆಂಪು ಹಾಳೆ ಕ್ರಿಸ್ತನ ರಕ್ತವನ್ನೂ, ಬಿಳಿ ಹಾಳೆ ಶುದ್ಧಿಯನ್ನೂ ಸೂಚಿಸುತ್ತವೆಂದು ವಿವರಿಸಿದ್ದರು. 1875ರಲ್ಲಿ ಅಮೆರಿಕದ ಬೋಧಕ ಡ್ವೈಟ್ ಮೂಡಿ ಸ್ವರ್ಗವನ್ನು ಸೂಚಿಸುವ ಚಿನ್ನದ ಬಣ್ಣದ ಹಾಳೆಯನ್ನು ಸೇರಿಸಿದರು. 1937ರಲ್ಲಿ ಜೆಸ್ಸಿ ಅರ್ವಿನ್ ಓವರ್‌ಹೋಲ್ಟ್ಜರ್ ಅಮೆರಿಕದಲ್ಲಿ ಸ್ಥಾಪಿಸಿದ ಚೈಲ್ಡ್ ಇವ್ಯಾಂಜೆಲಿಸಂ ಫೆಲೋಶಿಪ್ ಎಂಬ ಸಂಸ್ಥೆ, ನಂಬಿಕೆಯಲ್ಲಿ ಬೆಳೆಯುವುದನ್ನು ಸೂಚಿಸುವ ಹಸಿರನ್ನೂ ಕೂಡಿಸಿ ಅಚ್ಚುಮಾಡಿತು. ಇಂದು ಹಂಚಿಕೆಯಲ್ಲಿರುವುದು ಬಹುಮಟ್ಟಿಗೆ ಈ ಐದು ಬಣ್ಣದ ರೂಪ. ಇದೇ ಬಣ್ಣಗಳ ಮಣಿಗಳನ್ನು ದಾರಕ್ಕೆ ಪೋಣಿಸಿ ಮುಂಗೈಗೆ ಕಟ್ಟಿಕೊಳ್ಳುವ ಪದ್ಧತಿಯೂ ರಜಾ ಶಿಬಿರಗಳಲ್ಲಿ ಹಬ್ಬಿದೆ.

ಪುಸ್ತಕ ಕೆಲಸ ಮಾಡುವ ರೀತಿ ಸರಳವಾದರೂ ಅದನ್ನು ರೂಪಿಸಿದವರ ಜಾಣತನ ಕಡಿಮೆಯದಲ್ಲ. ಓದುಬಾರದ ಮಗುವೂ ಹಾಳೆ ತಿರುವುತ್ತ ಒಂದೊಂದು ಬಣ್ಣಕ್ಕೆ ಒಂದೊಂದು ಮಾತು ಹೇಳುತ್ತದೆ, ಮಾತು ಮರೆತರೆ ಬಣ್ಣ ನೆನಪಿಸುತ್ತದೆ, ಅಕ್ಷರವೇ ಇಲ್ಲವಾದ್ದರಿಂದ ಯಾವ ಭಾಷೆಯಲ್ಲಾದರೂ ಹೇಳಬಹುದು. ಕೇಳುವ ಮಗುವಿಗೆ ಕುತೂಹಲ, ಹೇಳುವ ಮಗುವಿಗೆ ಧೈರ್ಯ. ಆದರೆ ಹೇಳಿದ ಮಾತು ಮಗುವಿನದೋ, ಅದಕ್ಕೆ ಕಲಿಸಿದವರದೋ ಎಂಬ ಪ್ರಶ್ನೆ ಏಳುವುದೂ ಈ ಸಲೀಸಿನಿಂದಲೇ, ಮತ್ತು ಮಕ್ಕಳ ಸಾಕ್ಷಿಯ ಬಗ್ಗೆ ಕ್ರೈಸ್ತ ಶಿಕ್ಷಣತಜ್ಞರು ನಡೆಸಿರುವ ಚರ್ಚೆಯೆಲ್ಲ ಒಂದಲ್ಲ ಒಂದು ದಾರಿಯಿಂದ ಇಲ್ಲಿಗೇ ಬಂದು ಮುಟ್ಟುತ್ತದೆ.

ಭಾಷೆಯ ಹಂಗಿಲ್ಲದ ಪುಸ್ತಕಕ್ಕೆ ಸಂಸ್ಕೃತಿಯ ಹಂಗು ತಪ್ಪಲಿಲ್ಲ ಎಂಬುದೂ ಗಮನಿಸತಕ್ಕದ್ದು. ಐರ್ಲೆಂಡಿನ ಮಿಷನರಿ ಏಮಿ ಕಾರ್ಮೈಕಲ್ 1895ರ ಕೊನೆಗೆ ಬೆಂಗಳೂರಿಗೆ ಬಂದು, ಅನಂತರ ತಮಿಳುನಾಡಿನ ತಿರುನೆಲ್ವೇಲಿ ಸೀಮೆಗೆ ಹೋಗಿ, ದೋಹ್ನಾವೂರಿನಲ್ಲಿ ಮಕ್ಕಳ ಆಶ್ರಯಧಾಮ ಕಟ್ಟಿದವರು. ಹಳ್ಳಿಗಳಿಗೆ ಹೋಗುವ ತಮ್ಮ ಎತ್ತಿನ ಗಾಡಿಗೆ ಪುಸ್ತಕದ ಅಂದಿನ ಬಣ್ಣಗಳ ಸ್ಯಾಟಿನ್ ಬಾವುಟವೊಂದನ್ನು ಕಟ್ಟಿಕೊಂಡು, ಅದೇನೆಂದು ಕೇಳಿದವರಿಗೆ ಅದನ್ನೇ ಪಾಠವಾಗಿ ವಿವರಿಸುತ್ತಿದ್ದರು. ಗಾಡಿಯ ಸುತ್ತ ಸೇರಿದ ಜನರಿಗೆ ಆ ಬಣ್ಣಗಳು ಮೊದಲೇ ಬೇರೆ ಅರ್ಥ ಹೊತ್ತಿದ್ದವು. ದಕ್ಷಿಣ ಭಾರತದಲ್ಲಿ ಕೆಂಪು ಕುಂಕುಮದ ಬಣ್ಣ, ಬಿಳಿ ಸೀರೆ ಅನೇಕ ಸಮುದಾಯಗಳಲ್ಲಿ ವೈಧವ್ಯದ ಗುರುತು, ಕಪ್ಪನ್ನು ಶುಭಕಾರ್ಯದಲ್ಲಿ ದೂರವಿಡುವ ಜನವೇ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟಿಡುತ್ತಾರೆ, ಮುತ್ತೈದೆಯ ಕೊರಳಿಗೆ ಕರಿಮಣಿ ಕಟ್ಟುತ್ತಾರೆ. ಚೀನಾದಲ್ಲಿ ಬಿಳಿ ಸೂತಕದ ಬಣ್ಣ, ಕೆಂಪು ಹಬ್ಬದ್ದು. ಇನ್ನು ಕಪ್ಪೆಂದರೆ ಪಾಪ, ಬಿಳಿಯೆಂದರೆ ಪರಿಶುದ್ಧಿ ಎಂಬ ಸಮೀಕರಣವನ್ನು ಕಪ್ಪು ಮೈಬಣ್ಣದ ಮಗುವಿನ ಕೈಗಿಟ್ಟರೆ ಅದು ಏನೆಂದು ತಿಳಿದೀತು ಎಂಬ ಆಕ್ಷೇಪವೂ ಬಂದಿತು. ಇಂದಿನ ಪಾಠಸಾಮಗ್ರಿಯಲ್ಲಿ ‘ಕಪ್ಪು ಹಾಳೆ’ಯ ಬದಲು ‘ಕತ್ತಲೆಯ ಹಾಳೆ’, ‘ಬಿಳಿ’ಯ ಬದಲು ‘ಶುದ್ಧ ಹಾಳೆ’ ಎಂಬ ಮಾತುಗಳು ಕಾಣುವುದಕ್ಕೆ ಈ ಆಕ್ಷೇಪದಲ್ಲಿ ಹುರುಳಿರುವುದೇ ಸಾಕಷ್ಟು ಕಾರಣ. ಮಾತು ಬದಲಾದರೂ ಹಾಳೆಯ ಬಣ್ಣ ಹಾಗೆಯೇ ಇದೆ ಎಂಬುದು ಬೇರೆ ಮಾತು.

ಮಗುವಿಗೆ ಸಾಕ್ಷಿ ಹೇಳಲು ಕಲಿಸುವ ಮೊದಲು, ಮಗು ತಾನಾಗಿ ನಂಬಬಲ್ಲುದೇ ಎಂಬುದು ತೀರ್ಮಾನವಾಗಬೇಕು, ಮತ್ತು ಇಲ್ಲಿ ಸಭೆಗಳು ಒಮ್ಮತದಲ್ಲಿಲ್ಲ. ವ್ಯಕ್ತಿ ತನ್ನ ಪಾಪವನ್ನು ಅರಿತು, ಒಂದು ಗೊತ್ತಾದ ಗಳಿಗೆಯಲ್ಲಿ ಕ್ರಿಸ್ತನ ಕಡೆಗೆ ತಿರುಗಬೇಕು ಎಂದು ಒತ್ತಿಹೇಳುವ ಪಂಥಗಳು ಮಗುವಿನಿಂದಲೂ ಅಂಥ ತಿರುಗುವಿಕೆಯನ್ನು ನಿರೀಕ್ಷಿಸುತ್ತವೆ. ಓವರ್‌ಹೋಲ್ಟ್ಜರ್ ತನ್ನ ಹನ್ನೆರಡನೆಯ ವಯಸ್ಸಿನಲ್ಲಿ ಪಾಪಪ್ರಜ್ಞೆಯಿಂದ ತಾಯಿಯ ಬಳಿ ಹೋದಾಗ, ನೀನಿನ್ನೂ ಚಿಕ್ಕವನು ಎಂಬ ಉತ್ತರ ಬಂತೆಂದೂ, ಮಕ್ಕಳಿಗೆ ಸುವಾರ್ತೆ ಸಾರುವ ಅವರ ಹಟಕ್ಕೆ ಅದೇ ಬೀಜವೆಂದೂ ಅವರ ಸಂಸ್ಥೆ ಹೇಳಿಕೊಳ್ಳುತ್ತದೆ. ಇದಕ್ಕೆ ಎದುರಾಗಿ ಅಮೆರಿಕದ ದೇವಶಾಸ್ತ್ರಜ್ಞ ಹೊರೇಸ್ ಬುಶ್ನೆಲ್ 1847ರ ‘ಕ್ರಿಶ್ಚಿಯನ್ ನರ್ಚರ್’ ಗ್ರಂಥದಲ್ಲಿ, ಕ್ರೈಸ್ತ ಮನೆಯ ಮಗು ತಾನು ಬೇರೆಯಾಗಿದ್ದ ಕಾಲವೊಂದಿತ್ತೆಂದು ಅರಿಯದಂತೆ ನಂಬಿಕೆಯಲ್ಲಿಯೇ ಬೆಳೆಯಬೇಕು ಎಂದು ವಾದಿಸಿದರು. ಕ್ಯಾಥೊಲಿಕ್ ಸಭೆ, ಹಾಗೆಯೇ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮುಂತಾದ ಪ್ರೊಟೆಸ್ಟೆಂಟ್ ಸಭೆಗಳು ಶಿಶುವಿಗೇ ದೀಕ್ಷಾಸ್ನಾನ ಕೊಟ್ಟು, ಬೆಳೆದ ಮೇಲೆ ಉಪದೇಶ ಪಡೆದು ಆ ನಂಬಿಕೆಯನ್ನು ತಾನೇ ಒಪ್ಪಿಕೊಳ್ಳುವ ದೃಢೀಕರಣ ಸಂಸ್ಕಾರವನ್ನು ನಡೆಸುವುದರಲ್ಲಿ ಬುಶ್ನೆಲ್‌ರ ವಿಚಾರಕ್ಕೆ ಹತ್ತಿರವಾದ ತಿಳಿವಳಿಕೆ ಇದೆ. ಮೊದಲ ಪಕ್ಷದಲ್ಲಿ ಮಗುವಿನ ಸಾಕ್ಷಿ ಒಂದು ಘಟನೆಯ ವರದಿ, ಎರಡನೆಯದರಲ್ಲಿ ಅದು ಮನೆಯ ರೂಢಿಯೊಂದನ್ನು ನೆರೆಯವರಿಗೆ ತಿಳಿಸಿದಂತೆ.

ಮಾತಿಗಿಂತ ನಾಣ್ಯ ಮಕ್ಕಳಿಗೆ ಸುಲಭ ಎಂಬುದನ್ನು ಕಂಡುಕೊಂಡವರೂ ಇದ್ದರು. ಫ್ರಾನ್ಸಿನ ನಾನ್ಸಿಯ ಬಿಷಪ್ ಷಾರ್ಲ್ ದ ಫೋರ್ಬ್ಯಾ ಜಾನ್ಸೋ 1843ರಲ್ಲಿ ಸ್ಥಾಪಿಸಿದ ‘ಹೋಲಿ ಚೈಲ್ಡ್‌ಹುಡ್’ ಎಂಬ ಮಕ್ಕಳ ಸಂಘದಲ್ಲಿ ಸದಸ್ಯತ್ವದ ನಿಯಮ ದಿನಕ್ಕೊಂದು ಪುಟ್ಟ ಪ್ರಾರ್ಥನೆ, ತಿಂಗಳಿಗೊಂದು ನಾಣ್ಯ. ದೂರದೇಶದ ಮಕ್ಕಳಿಗೆ ಮಕ್ಕಳೇ ನೆರವಾಗಬೇಕೆಂಬುದು ಅದರ ಉದ್ದೇಶ, ಮತ್ತು 1922ರಲ್ಲಿ ಅದು ಪೋಪ್ ಅವರ ನೇರ ಆಶ್ರಯಕ್ಕೆ ಬಂದಿತು. ಲಂಡನ್ ಮಿಷನರಿ ಸೊಸೈಟಿ, ಅಂದರೆ 1810ರಿಂದ ಬಳ್ಳಾರಿಯಲ್ಲಿ ಕೆಲಸ ಮಾಡುತ್ತಿದ್ದ ಸಂಸ್ಥೆಯೇ, ದಕ್ಷಿಣ ಸಾಗರದ ದ್ವೀಪಗಳಿಗೆ ಬೋಧಕರನ್ನು ಒಯ್ಯುವ ಹಡಗಿಗಾಗಿ ಬ್ರಿಟನ್ನಿನ ಮಕ್ಕಳಿಂದ ಆರು ಸಾವಿರ ಪೌಂಡಿಗೂ ಹೆಚ್ಚು ಹಣ ಕೂಡಿಸಿತು. 1844ರಲ್ಲಿ ನೀರಿಗಿಳಿದ ಆ ಹಡಗಿಗೆ, 1839ರಲ್ಲಿ ಎರೊಮಾಂಗ ದ್ವೀಪದಲ್ಲಿ ಕೊಲೆಯಾದ ಬೋಧಕ ಜಾನ್ ವಿಲಿಯಮ್ಸ್ ಅವರ ಹೆಸರಿಡಲಾಯಿತು. 1856ರಲ್ಲಿ ಅಮೆರಿಕದ ಸಂಡೇ ಸ್ಕೂಲ್ ಮಕ್ಕಳು ಹತ್ತು ಸೆಂಟಿನ ಪಾಲು ಕೊಂಡು ‘ಮಾರ್ನಿಂಗ್ ಸ್ಟಾರ್’ ಎಂಬ ಹಡಗನ್ನು ಕಟ್ಟಿಸಿದರು. ಹಣ ಹೋದ ಕಡೆಯ ಜನರನ್ನು ಆ ಮಕ್ಕಳು ಕಂಡದ್ದಿಲ್ಲ, ಅವರ ಬಗ್ಗೆ ಓದಿದ್ದರಲ್ಲಿ ಅರ್ಧಕ್ಕರ್ಧ ಉತ್ಪ್ರೇಕ್ಷೆಯೇ ಇದ್ದಿರಬೇಕು. ಆದರೂ ಕೊಡುವುದನ್ನು ಕಲಿತ ಮಗು ತನ್ನದಲ್ಲದ ಮಾತನ್ನು ಆಡಬೇಕಾಗಿರಲಿಲ್ಲ ಎಂಬುದು ಈ ವಿಧಾನದ ಸಣ್ಣ ಲಾಭ.

ಮಕ್ಕಳ ಆಲೋಚನಾಕ್ರಮವನ್ನು ಅಧ್ಯಯನ ಮಾಡಿದವರು ಬಾಯಿಪಾಠದ ಸಾಕ್ಷಿಯ ಬಗ್ಗೆ ಎಚ್ಚರಿಸಿದ್ದಾರೆ. ಬ್ರಿಟನ್ನಿನ ರೊನಾಲ್ಡ್ ಗೋಲ್ಡ್‌ಮನ್ 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೋಶೆ ಕಂಡ ಉರಿಯುವ ಪೊದೆಯಂಥ ಬೈಬಲ್ ಕತೆಗಳನ್ನು ಮಕ್ಕಳ ಮುಂದಿಟ್ಟು ಪ್ರಶ್ನಿಸಿ, ಹದಿಹರೆಯಕ್ಕೆ ಬರುವ ತನಕ ಹೆಚ್ಚಿನವರು ಸಂಕೇತಗಳನ್ನು ಅಕ್ಷರಶಃ ವಸ್ತುಗಳೆಂದೇ ಗ್ರಹಿಸುತ್ತಾರೆಂದು ತೋರಿಸಿದರು. ಅಮೆರಿಕದ ಜೇಮ್ಸ್ ಫೌಲರ್ 1981ರ ತಮ್ಮ ಗ್ರಂಥದಲ್ಲಿ ನಂಬಿಕೆ ಹಂತಹಂತವಾಗಿ ಬೆಳೆಯುತ್ತದೆಂದು ವಿವರಿಸುತ್ತ, ಶಾಲೆಯ ಮೊದಲ ವರ್ಷಗಳ ಮಗು ಕತೆಯಾಗಿಯೇ ನಂಬುತ್ತದೆ, ಕತೆಯಿಂದ ತತ್ತ್ವವನ್ನು ಬೇರ್ಪಡಿಸುವುದಿಲ್ಲ ಎಂದರು. ಹೃದಯ ಕಪ್ಪಾಗಿದೆ, ರಕ್ತದಿಂದ ಅದು ಬೆಳ್ಳಗಾಗುತ್ತದೆ ಎಂಬ ಮಾತನ್ನು ಆರು ವರ್ಷದ ಮಗು ಹೇಗೆ ಕೇಳಿಸಿಕೊಳ್ಳುತ್ತದೆಂದು ಊಹಿಸುವುದು ಕಷ್ಟವಲ್ಲ. ಮಗುವಿಗೆ ತತ್ತ್ವಕ್ಕಿಂತ ಕತೆಯನ್ನು ಹೇಳಲು ಕಲಿಸುವುದು ಉಚಿತವೆಂದು ಇದರಿಂದ ಹೊರಡುತ್ತದೆ: ಸಮಾರ್ಯದವನು ದಾರಿಯಲ್ಲಿ ಬಿದ್ದವನನ್ನು ಎತ್ತಿದ ಕತೆಯನ್ನು ಎಂಟರ ಮಗು ತನ್ನದೇ ಮಾತಿನಲ್ಲಿ, ತನ್ನದೇ ತಪ್ಪುಗಳೊಂದಿಗೆ ಹೇಳೀತು, ಪ್ರಾಯಶ್ಚಿತ್ತದ ಸಿದ್ಧಾಂತವನ್ನು ಹೇಳಲಾರದು.

ಕೇಳುವ ಮಗುವೂ ಮಗುವೇ, ಅದಕ್ಕೂ ತಂದೆತಾಯಿಗಳಿದ್ದಾರೆ. ಇಲ್ಲಿ ವಿಷಯ ಕಾನೂನಿನ ಅಂಗಳಕ್ಕೆ ಬರುತ್ತದೆ. ನ್ಯೂಯಾರ್ಕ್ ರಾಜ್ಯದ ಮಿಲ್ಫೋರ್ಡ್ ಊರಿನ ಸರ್ಕಾರಿ ಶಾಲೆ, ತರಗತಿ ಮುಗಿದ ಮೇಲೆ ತನ್ನ ಕಟ್ಟಡದಲ್ಲಿ ‘ಗುಡ್ ನ್ಯೂಸ್ ಕ್ಲಬ್’ ಎಂಬ ಕ್ರೈಸ್ತ ಮಕ್ಕಳ ಕೂಟಕ್ಕೆ ಜಾಗ ನಿರಾಕರಿಸಿದ ಪ್ರಕರಣದಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲಿ 6–3ರ ಬಹುಮತದಿಂದ ಕೂಟದ ಪರ ತೀರ್ಪಿತ್ತಿತು. ಬೇರೆ ಸಂಘಗಳಿಗೆ ಕೊಟ್ಟ ಜಾಗವನ್ನು ಧಾರ್ಮಿಕ ದೃಷ್ಟಿಕೋನದ ಕಾರಣಕ್ಕೆ ತಡೆಯಬಾರದು ಎಂದ ನ್ಯಾಯಾಲಯ, ಪೋಷಕರ ಅನುಮತಿಯಿಲ್ಲದೆ ಮಕ್ಕಳು ಕೂಟಕ್ಕೆ ಬರುವಂತಿರಲಿಲ್ಲ ಎಂಬುದನ್ನು ಮುಖ್ಯವಾಗಿ ಪರಿಗಣಿಸಿತು. ಭಾರತದಲ್ಲಿ ಇದೇ ಪ್ರಶ್ನೆ ಸಂವಿಧಾನಕ್ಕಿಂತ ಹಿಂದೆಯೇ ಎದ್ದಿತ್ತು. 1947ರ ಮೇ 1ರಂದು ಸಂವಿಧಾನ ರಚನಾಸಭೆಯಲ್ಲಿ ಕೆ.ಎಂ. ಮುನ್ಷಿ, ವಂಚನೆ ಅಥವಾ ಒತ್ತಾಯದಿಂದಾದ ಮತಾಂತರದ ಜೊತೆಗೆ ಹದಿನೆಂಟು ತುಂಬದವರ ಮತಾಂತರವನ್ನೂ ಕಾನೂನು ಮಾನ್ಯ ಮಾಡಬಾರದೆಂಬ ಷರತ್ತನ್ನು ಮಂಡಿಸಿದರು. ತಂದೆತಾಯಿ ಮತ ಬದಲಿಸಿದರೆ ಮಕ್ಕಳ ಗತಿಯೇನು ಎಂದು ಫ್ರಾಂಕ್ ಆಂಟನಿ ಕೇಳಿದರೆ, ಅಸ್ಸಾಮಿನಿಂದ ಬಂದಿದ್ದ ಪಾದ್ರಿ ಜೆ.ಜೆ.ಎಂ. ನಿಕಲ್ಸ್ ರಾಯ್, ಹದಿನೆಂಟಕ್ಕೂ ಮುಂಚೆ ಹುಡುಗ ಹುಡುಗಿಯರಿಗೆ ಸ್ವಂತ ಧಾರ್ಮಿಕ ಅನುಭವವಾಗುತ್ತದೆ, ಅದಕ್ಕೆ ಕಾನೂನು ಅಡ್ಡ ನಿಲ್ಲಬಾರದು ಎಂದು ವಾದಿಸಿದರು. ಷರತ್ತು ಕೊನೆಗೆ ಸಂವಿಧಾನದಲ್ಲಿ ಸೇರಲಿಲ್ಲ. 25ನೆಯ ವಿಧಿ ಧರ್ಮಪ್ರಚಾರದ ಹಕ್ಕನ್ನು ಕೊಟ್ಟಿತು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಅಡಗಿಲ್ಲವೆಂದು 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧೆಗೆ ಕೂರಿಸಬಾರದೆಂದು 28ನೆಯ ವಿಧಿ ಹೇಳುತ್ತದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಗುವಿಗೇ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಒಪ್ಪಿ, ಬೆಳೆಯುವ ಸಾಮರ್ಥ್ಯಕ್ಕೆ ತಕ್ಕಂತೆ ದಾರಿ ತೋರುವ ಅಧಿಕಾರವನ್ನು ತಂದೆತಾಯಿಗೆ ಬಿಡುತ್ತದೆ. ಈ ಎಲ್ಲೆಗಳನ್ನು ಸಾಕ್ಷಿ ಕಲಿಸುವ ಶಿಕ್ಷಕರೇ ಮೊದಲು ಕಲಿತಿರುವುದು ಲೇಸು, ಏಕೆಂದರೆ ಪಕ್ಕದ ಬೆಂಚಿನ ಗೆಳೆಯನ ಮನೆಯವರು ಏನೆಂದುಕೊಂಡಾರು ಎಂಬುದನ್ನು ಮಗು ಯೋಚಿಸಲಾರದು.

ಸಂಡೇ ಸ್ಕೂಲಿನ ಪಾಠಗಳಲ್ಲಿ ಮಕ್ಕಳ ಸಾಕ್ಷಿಗೆ ಪದೇಪದೇ ಕೊಡುವ ಉದಾಹರಣೆ ಎರಡನೆಯ ಅರಸುಗಳ ಪುಸ್ತಕದ ಐದನೆಯ ಅಧ್ಯಾಯದಲ್ಲಿದೆ. ಅರಾಮ್ಯರು ಸೆರೆಹಿಡಿದು ತಂದ ಇಸ್ರಾಯೇಲಿನ ಹುಡುಗಿ, ಕುಷ್ಠರೋಗಿಯಾದ ಸೇನಾಪತಿ ನಾಮಾನನ ಹೆಂಡತಿಗೆ, ಸಮಾರ್ಯದಲ್ಲಿರುವ ಪ್ರವಾದಿ ಅವನನ್ನು ವಾಸಿಮಾಡಬಲ್ಲನೆಂದು ತಿಳಿಸುತ್ತಾಳೆ. ಪಾಠ ಹೇಳುವವರು ಅವಳ ಧೈರ್ಯವನ್ನು ಹೊಗಳುತ್ತಾರೆ, ಆದರೆ ಕತೆಯಲ್ಲಿ ಅದಕ್ಕಿಂತ ಎದ್ದುಕಾಣುವುದು ಅವಳ ಮಿತವಾದ ಮಾತು: ಅವಳು ಹೇಳುವುದು ಒಂದೇ ವಾಕ್ಯ, ಅದೂ ಎದುರಿಗಿದ್ದ ಕಷ್ಟವನ್ನು ಕಂಡು. ಅದನ್ನು ಅವಳಿಗೆ ಯಾರಾದರೂ ಕಲಿಸಿದ್ದರೆಂದು ಕತೆ ಹೇಳುವುದಿಲ್ಲ.

ಇಂಥ ಮಾತು ಮಗುವಿನೊಳಗಿಂದಲೇ ಬರಬೇಕೆಂದು ಬಯಸುವ ಶಿಕ್ಷಣಕ್ರಮವೊಂದನ್ನು ರೋಮ್‌ನಲ್ಲಿ 1954ರಿಂದ ಸೊಫಿಯಾ ಕವಲೆಟ್ಟಿ, ಮಾಂಟೆಸ್ಸರಿ ಪದ್ಧತಿಯನ್ನು ಬಲ್ಲ ಜಿಯಾನ್ನಾ ಗೊಬ್ಬಿ ಅವರೊಡನೆ ರೂಪಿಸಿದರು. ಅಮೆರಿಕದ ಜೆರೋಮ್ ಬೆರಿಮನ್ ಅದನ್ನು ‘ಗಾಡ್ಲಿ ಪ್ಲೇ’ ಎಂಬ ಹೆಸರಿನಲ್ಲಿ ಬೆಳೆಸಿದರು. ಇಲ್ಲಿ ಶಿಕ್ಷಕಿ ನೆಲದ ಮೇಲೆ ಕುಳಿತು, ಮರದ ಪುಟ್ಟ ಬೊಂಬೆಗಳನ್ನು ಸರಿಸುತ್ತ ಕತೆ ಹೇಳಿ, ಕೊನೆಗೆ ಅರ್ಥ ಬಿಡಿಸುವುದಿಲ್ಲ. ಕತೆಯಲ್ಲಿ ನಿಮಗೆ ಇಷ್ಟವಾದದ್ದು ಯಾವುದು, ನೀವು ಇದರಲ್ಲಿ ಎಲ್ಲಿದ್ದೀರಿ, ಯಾವುದನ್ನು ತೆಗೆದರೂ ಕತೆ ಉಳಿದೀತು ಎಂಬಂಥ ಪ್ರಶ್ನೆಗಳನ್ನು ಕೇಳಿ, ಬಂದ ಉತ್ತರಗಳನ್ನು ತಿದ್ದದೆ ಕೇಳಿಸಿಕೊಳ್ಳುತ್ತಾಳೆ. ಇದಕ್ಕೆ ಬೇರೆಯೇ ಕೋಣೆ ಬೇಕು, ಸಾಮಗ್ರಿ ಬೇಕು, ಸುಮ್ಮನಿರಲು ಕಲಿತ ಶಿಕ್ಷಕರು ಬೇಕು, ಕೆಲವೇ ಮಕ್ಕಳ ಗುಂಪು ಬೇಕು. ನಮ್ಮ ಸಭೆಗಳಲ್ಲಿ ಸಂಡೇ ಸ್ಕೂಲಿಗೆ ಸಿಗುವುದು ಆರಾಧನೆಯ ಹಿಂದೆಯೋ ಮುಂದೆಯೋ ಒಂದು ಗಂಟೆ, ಕಲಿಸುವವರು ಕಾಲೇಜಿನ ಓದಿನ ನಡುವೆ ಬಿಡುವು ಮಾಡಿಕೊಂಡ ಯುವಕ ಯುವತಿಯರು, ಏಪ್ರಿಲ್–ಮೇ ರಜೆಯ ವಿ.ಬಿ.ಎಸ್. (ವೆಕೇಶನ್ ಬೈಬಲ್ ಸ್ಕೂಲ್) ಶಿಬಿರದಲ್ಲಂತೂ ಒಬ್ಬೊಬ್ಬ ಶಿಕ್ಷಕರ ಮುಂದೆ ದೊಡ್ಡ ಗುಂಪೇ ಇರುತ್ತದೆ. ಐದು ಬಣ್ಣದ ಮಣಿಗಳ ಪೊಟ್ಟಣ ಮಾತ್ರ ಎಲ್ಲಿಯಾದರೂ ಸಿಗುತ್ತದೆ, ಪೋಣಿಸಿ ಮುಗಿಸಲು ಅರ್ಧ ಗಂಟೆ ಸಾಕು.