‘ಒಪ್ರೆಸ್’ ಕ್ರಿಯಾಪದ ಮತ್ತು ಕನ್ನಡದ ‘ದಮನ’
ಇಂಗ್ಲಿಷಿನ ‘ಒಪ್ರೆಸ್’ ಕ್ರಿಯಾಪದಕ್ಕೆ ‘ದಮನ ಮಾಡು’ ಎಂಬುದನ್ನು ಸಮಾನಾರ್ಥಕವಾಗಿ ಬಳಸುವುದುಂಟು. ಈ ಸಮೀಕರಣವು ಅಪೂರ್ಣವೆಂದು ಇಲ್ಲಿ ತೋರಿಸುತ್ತೇವೆ.

‘ಒಪ್ರೆಸ್’, ‘ಸಪ್ರೆಸ್’ ಎರಡೂ ‘ಒತ್ತು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದವು. ಇಂದಿನ ಬಳಕೆಯಲ್ಲಿ ಮೊದಲನೆಯದರ ಕರ್ಮ ಸಾಮಾನ್ಯವಾಗಿ ಜನ. ಎರಡನೆಯದರದು ದಂಗೆ, ಸುದ್ದಿ, ಭಾವನೆ. ಜನರ ಮೇಲಿನ ಕೃತ್ಯ ಅನ್ಯಾಯವೆಂಬ ತೀರ್ಪು ‘ಒಪ್ರೆಸ್’ನ ಅರ್ಥದಲ್ಲೇ ಅಡಗಿದೆ, ‘ಸಪ್ರೆಸ್’ನಲ್ಲಿ ಅದು ಅನಿವಾರ್ಯವಲ್ಲ.

ಕನ್ನಡದ ‘ದಮನ’ ಎರಡನ್ನೂ ಒಳಗೊಳ್ಳುತ್ತದೆ. ಚಾಮರಾಜನಗರ ಸೀಮೆಯ ಇತಿಹಾಸದಿಂದ ಒಂದು ವಾಕ್ಯವನ್ನು ರಚಿಸಿಕೊಳ್ಳೋಣ: ‘16ನೆಯ ಶತಮಾನದ ಆರಂಭದಲ್ಲಿ ಕೃಷ್ಣದೇವರಾಯನು ಉಮ್ಮತ್ತೂರಿನ ಗಂಗರಾಜನ ದಂಗೆಯನ್ನು ದಮನ ಮಾಡಿದನು.’ ರಾಯನು ಅನ್ಯಾಯವೆಸಗಿದನೆಂದು ಈ ವಾಕ್ಯ ಹೇಳುವುದಿಲ್ಲ. ‘ಇಂದ್ರಿಯದಮನ’ ಎಂಬಲ್ಲಂತೂ ‘ದಮನ’ವು ಪ್ರಶಂಸೆಯೇ ಆಗಿದೆ.

‘ದಮನಿತ’ ಎಂಬ ಕೃದಂತದ ವರ್ತನೆ ಬೇರೆ. ‘ದಮನಿತ ಸಮುದಾಯ’ ಎಂದೊಡನೆ ಅನ್ಯಾಯದ ತೀರ್ಪು ಜೊತೆಗೇ ಬರುತ್ತದೆ. ಸೋತ ಗಂಗರಾಜನನ್ನು ‘ದಮನಿತ’ನೆಂದು ಕರೆದರೆ, ಅದು ರಾಯನ ಮೇಲಿನ ಆಪಾದನೆಯಾಗಿ ಕೇಳಿಸುತ್ತದೆ. ಕ್ರಿಯಾರೂಪವು ಹೊರದ ತೀರ್ಪನ್ನು ಕೃದಂತವು ಹೊತ್ತಿದೆ.

ಅನುವಾದದಲ್ಲಿ ಈ ಭೇದ ಮುಖ್ಯ. ‘ಜಮೀನ್ದಾರರು ಗೇಣಿದಾರರನ್ನು ದಮನ ಮಾಡಿದರು’ ಎಂದರೆ ಗೇಣಿದಾರರು ಮೊದಲು ದಂಗೆಯೆದ್ದಿದ್ದರೆಂಬ ಧ್ವನಿ ನುಸುಳಬಹುದು. ‘ಗೇಣಿದಾರರನ್ನು ತುಳಿದರು’ ಅಥವಾ ‘ಗೇಣಿದಾರರ ಮೇಲೆ ದಬ್ಬಾಳಿಕೆ ನಡೆಸಿದರು’ ಎಂದಾಗ ತಪ್ಪು ಯಾರದೆಂಬುದು ಸಂದಿಗ್ಧವಾಗಿ ಉಳಿಯದು. ಆದ್ದರಿಂದ ‘ಒಪ್ರೆಸ್’ಗೆ ಈ ಎರಡು ರೂಪಗಳನ್ನೂ, ‘ಸಪ್ರೆಸ್’ಗೆ ‘ದಮನ ಮಾಡು’ ಎಂಬುದನ್ನೂ ಸೂಚಿಸುತ್ತೇವೆ.