ಬರಿಯ ಟ್ರೈಲರಿನ ಕುಲುಕಾಟವೂ ಅದರ ನಿವಾರಣೋಪಾಯಗಳೂ

ಕಬ್ಬನ್ನು ಕಾರ್ಖಾನೆಗೆ ಮುಟ್ಟಿಸಿ ಬರಿದಾಗಿ ಊರಿಗೆ ಹಿಂದಿರುಗುವ ಟ್ರೈಲರಿನ ಸದ್ದನ್ನು ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರೈತರು ಚೆನ್ನಾಗಿ ಬಲ್ಲರು. ತುಂಬಿದ ಹೇರಿನೊಡನೆ ನಿಧಾನವಾಗಿ ಸಾಗಿದ ಬಂಡಿಯೇ, ಹೇರಿಳಿದ ಕೂಡಲೆ ಪ್ರತಿಯೊಂದು ತಗ್ಗಿನಲ್ಲಿಯೂ ನೆಗೆದು ಬೀಳುತ್ತದೆ. ಇದು ಸ್ವಾಭಾವಿಕವೆಂದು ಉಪೇಕ್ಷಿಸುವುದು ವಾಡಿಕೆ. ಆದರೆ ಈ ಕುಲುಕಾಟದಿಂದ ಚೌಕಟ್ಟಿನ ಬೆಸುಗೆಗಳು ಬಿರಿಯುತ್ತವೆ, ಬೋಲ್ಟು ನಟ್ಟುಗಳು ಸಡಿಲುತ್ತವೆ, ಟ್ರಾಕ್ಟರು ನಡೆಯಿಸುವವನ ಬೆನ್ನು ನೋಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನೆಲವನ್ನು ಬಿಟ್ಟೆದ್ದ ಚಕ್ರವು ತಿರುವಿನಲ್ಲಾಗಲಿ, ಬ್ರೇಕು ಹಾಕುವಾಗಲಾಗಲಿ ಬಂಡಿಗೆ ಆಧಾರವಾಗಲಾರದು.

ಕುಲುಕಾಟದ ಕಾರಣವನ್ನು ಮೊದಲು ತಿಳಿಯತಕ್ಕದ್ದು. ಕಮಾನು, ಎಂದರೆ ಸ್ಪ್ರಿಂಗು, ಹೊತ್ತ ಭಾರಕ್ಕೆ ತಕ್ಕಷ್ಟೇ ಬಾಗುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ ಎಂಬ ವಿಜ್ಞಾನಿಯು 1678ರಲ್ಲಿ ವಿವರಿಸಿದನು. ಉದಾಹರಣೆಗೆ, ಕಮಾನುಗಳ ಮೇಲೆ ಬರಿಯ ಬಂಡಿಯ ಭಾರ 1½ ಟನ್ನೂ ಹೇರು 4½ ಟನ್ನೂ ಇರುವುದೆಂದು ಭಾವಿಸೋಣ. ಒಟ್ಟು 6 ಟನ್ನಿಗೆ 80 ಮಿಲಿಮೀಟರು ಬಾಗುವ ಕಮಾನು, ಬರಿದಾದಾಗ 20 ಮಿಲಿಮೀಟರು ಮಾತ್ರ ಬಾಗಿರುತ್ತದೆ. ತುಂಬಿದ ಬಂಡಿಯು ನಿಮಿಷಕ್ಕೆ ಸುಮಾರು 105 ಸಲ ಮೆಲ್ಲನೆ ತೂಗಿದರೆ, ಬರಿಯ ಬಂಡಿಯು ಸುಮಾರು 210 ಸಲ ಕುಲುಕುತ್ತದೆ. ಇದರ ಮೇಲೆ ಪಟ್ಟಿಗಳ ನಡುವೆ ತುಕ್ಕು ಹಿಡಿದಿದ್ದರೆ, ಅಲ್ಪಭಾರಕ್ಕೆ ಅವು ಒಂದರ ಮೇಲೊಂದು ಜಾರುವುದೇ ಇಲ್ಲ. ಆಗ ಕಮಾನು ಕಬ್ಬಿಣದ ದಿಮ್ಮಿಗೆ ಸಮಾನವಾಗುವುದು. ಪೂರ್ಣಭಾರಕ್ಕೆಂದು ಗಾಳಿ ತುಂಬಿದ ಟೈರು ಕೂಡ ಬರಿಯ ಬಂಡಿಯ ಕೆಳಗೆ ಬಗ್ಗುವುದಿಲ್ಲ.

ಕೆಲವರು ಕಮಾನಿನ ಒಂದೆರಡು ಪಟ್ಟಿಗಳನ್ನು ತೆಗೆಯಿಸಿ ಬಂಡಿಯನ್ನು ಮೆತ್ತಗೆ ಮಾಡಲೆಳಸುವುದುಂಟು. ಇದು ಸರ್ವಥಾ ಕೂಡದು. ಒಂದೇ ದಪ್ಪದ 8 ಪಟ್ಟಿಗಳಲ್ಲಿ 2ನ್ನು ತೆಗೆದರೆ, ಉಳಿದ ಒಂದೊಂದರ ಮೇಲೂ ಮೊದಲಿಗಿಂತ ಮೂರನೆಯ ಒಂದು ಪಾಲು ಹೆಚ್ಚು ಹೊರೆ ಬೀಳುವುದು. ಬರಿದಾಗಿ ಬರುವಾಗ ದೊರೆತ ಸುಖಕ್ಕೆ, ಹೇರು ಹೊತ್ತ ದಿನ ಕಮಾನು ಮುರಿದು ದಂಡ ತೆರಬೇಕಾಗುತ್ತದೆ. ಯೋಗ್ಯವಾದ ಉಪಾಯಗಳನ್ನು ಖರ್ಚು ಕಡಮೆಯಾದುದರಿಂದ ಮೊದಲುಗೊಂಡು ಕೆಳಗೆ ಕ್ರಮವಾಗಿ ಬರೆದಿದೆ.

1. ಪಟ್ಟಿಗಳನ್ನು ಬಿಚ್ಚಿಸಿ, ತುಕ್ಕು ಕೆರೆಯಿಸಿ, ನಡುವೆ ಗ್ರಾಫೈಟು ಬೆರೆತ ಗ್ರೀಸನ್ನು ತೆಳ್ಳಗೆ ಸವರಿಸಬೇಕು. ಕಮಾನಿನ ತುದಿಯಲ್ಲಿರುವ ಶ್ಯಾಕಲ್ ಎಂಬ ತೂಗುಕೊಂಡಿಯು ಸರಾಗವಾಗಿ ಆಡುವುದೇ ಎಂದು ನೋಡಬೇಕು. ಸವೆದ ಬುಷ್ಷುಗಳನ್ನು ಬದಲಾಯಿಸಿ, ಇರುಸನ್ನು ಹಿಡಿದಿರುವ ಯು ಬೋಲ್ಟುಗಳನ್ನು ಬಿಗಿಸಬೇಕು.

2. ಮೂಕಿಯ ಬಳೆಯೂ ಅದರಲ್ಲಿ ತೂರುವ ಪಿನ್ನೂ ಸವೆದಿದ್ದರೆ, ಟ್ರೈಲರು ಹೆಜ್ಜೆಹೆಜ್ಜೆಗೂ ಟ್ರಾಕ್ಟರನ್ನು ಹಿಂದಕ್ಕೆಳೆದು ಮುಂದಕ್ಕೆ ನೂಕುತ್ತದೆ. ಕಮಾನಿನದೆಂದು ಭಾವಿಸಿದ ಎಷ್ಟೋ ಕುಲುಕು ಇಲ್ಲಿಂದಲೇ ಹುಟ್ಟುವುದು. ಸವೆದವನ್ನು ಬದಲಾಯಿಸುವುದು ಅಲ್ಪವ್ಯಯದ ಕೆಲಸ.

3. ಟೈರು ತಯಾರಕರ ಪಟ್ಟಿಯಲ್ಲಿ ಅಲ್ಪಭಾರಕ್ಕೆ ಹೇಳಿರುವ ಮಿತಿಯವರೆಗೆ ಗಾಳಿಯನ್ನು ಇಳಿಸಬಹುದು. ಆದರೆ ಹೇರು ತುಂಬುವ ಮುನ್ನ ಪುನಃ ತುಂಬಿಸಲೇ ಬೇಕು. ಗಾಳಿ ಸಾಲದ ಟೈರು ಭಾರದ ಕೆಳಗೆ ಕಾದು ಸಿಡಿಯುವುದು. ಗಾಳಿ ತುಂಬುವ ಯಂತ್ರವು ಹತ್ತಿರದಲ್ಲಿ ಇಲ್ಲದವರು ಈ ಉಪಾಯಕ್ಕೆ ಕೈಹಾಕದಿರುವುದೇ ಲೇಸು.

4. ಶಾಶ್ವತವಾದ ಉಪಾಯವೆಂದರೆ ಎರಡು ಹಂತದ ಕಮಾನು. ಇದರಲ್ಲಿ ಮೆತ್ತಗಿನ ಮುಖ್ಯ ಕಮಾನು ಬರಿಯ ಬಂಡಿಯನ್ನು ಹೊರುತ್ತದೆ. ಮೇಲಿರುವ ಸಹಾಯಕ ಪಟ್ಟಿಗಳು ಹೇರು ಬಿದ್ದು ಮುಖ್ಯ ಕಮಾನು ಬಾಗಿದ ಬಳಿಕವೇ ಚೌಕಟ್ಟಿನ ಆನಿಕೆಗೆ ತಗಲಿ, ತಮ್ಮ ಪಾಲಿನ ಭಾರವನ್ನು ಹೊರುತ್ತವೆ. ಇದನ್ನು ಬಲ್ಲ ಕಾರ್ಖಾನೆಯವರಿಂದಲೇ, ಎರಡು ಪಕ್ಕಗಳಲ್ಲಿಯೂ ಸಮನಾಗಿ ಮಾಡಿಸತಕ್ಕದ್ದು. ಮೆತ್ತಗಾದ ಬಂಡಿಯು ತೊಟ್ಟಿಲಂತೆ ತೂಗುತ್ತಲೇ ಇರದಂತೆ ಷಾಕ್ ಅಬ್ಸಾರ್ಬರುಗಳನ್ನೂ ಜೊತೆಗೆ ಹಾಕಿಸುವುದು ಉತ್ತಮ.

ಕೆಲವು ಟ್ರೈಲರುಗಳಲ್ಲಿ ಕಮಾನೇ ಇಲ್ಲದೆ ಇರುಸನ್ನು ನೇರವಾಗಿ ಚೌಕಟ್ಟಿಗೆ ಬಿಗಿದಿರುತ್ತಾರೆ. ಅಂಥವುಗಳಲ್ಲಿ ಟೈರೊಂದೇ ಕಮಾನಾದುದರಿಂದ, ವೇಗವನ್ನು ತಗ್ಗಿಸುವುದೇ ಕೈಗೆಟುಕುವ ಮೊದಲ ಉಪಾಯ. ಮರಳಿನ ಚೀಲಗಳನ್ನು ಹೇರಿ ಕುಲುಕು ತಗ್ಗಿಸುವವರು, ಆ ಭಾರವನ್ನು ದಿನವೂ ಎಳೆಯಲು ಎಣ್ಣೆ ಸುಡುವುದೆಂಬುದನ್ನು ಮರೆಯಬಾರದು.

ಕಡೆಯದಾಗಿ ಗ್ರಾಮದ ಮುಖಂಡರಲ್ಲಿಯೂ ಜಮೀನುದಾರರಲ್ಲಿಯೂ ಒಂದು ಬಿನ್ನಹ. ಕಬ್ಬು ಕಡಿಯುವ ಆಳುಗಳು ಸಂಜೆ ಬರಿಯ ಟ್ರೈಲರಿನಲ್ಲಿ ಕುಳಿತು ಮನೆಗೆ ಮರಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕುಲುಕಾಟ ಅತ್ಯಧಿಕವಾಗಿರುವುದು ಆ ಹೊತ್ತಿನಲ್ಲಿಯೇ. ಹಿಡಿದುಕೊಳ್ಳಲು ಆಸರೆಯಿಲ್ಲದೆ ಅಂಚಿನಲ್ಲಿ ಕುಳಿತವರು ಒಂದೇ ನೆಗೆತಕ್ಕೆ ಚಕ್ರದ ಕೆಳಗೆ ಬೀಳಬಹುದು. ಮೇಲಣ ಉಪಾಯಗಳೆಲ್ಲವೂ ಬಂಡಿಯನ್ನು ಕಾಪಾಡುವುವೇ ಹೊರತು ಅದನ್ನು ಜನರ ವಾಹನವಾಗಿ ಮಾಡಲಾರವು. ಆದುದರಿಂದ ಕಟಾವು ಮೊದಲಾಗುವ ಮುನ್ನವೇ ಊರಿನ ಟ್ರೈಲರುಗಳನ್ನೆಲ್ಲ ಒಂದು ದಿನ ಸೇರಿಸಿ ಪರೀಕ್ಷೆ ಮಾಡಿಸುವುದೂ, ಆಳುಗಳು ಮರಳಲು ಬೇರೆ ವಾಹನವನ್ನು ಗೊತ್ತುಮಾಡುವುದೂ ಹಿರಿಯರಾದವರ ಕರ್ತವ್ಯವು.